ಉಮ್ಮ–ಬಾಪನ ಮನೆಗೆ ಕ್ಯಾಮೆರಾ: ಮೊದಲು ಅನುಮತಿ, ಆಮೇಲೆ ವೈರಿಂಗ್

ಕಳೆದ ಮೇ ತಿಂಗಳ ಒಂದು ರಾತ್ರಿ. ಗಂಟೆ ಹನ್ನೊಂದೂವರೆ ದಾಟಿತ್ತು. ಇಶಾ ಮುಗಿಸಿ, ಊಟ ಮಾಡಿ ಮಲಗಿದ್ದೆವು. ಹೊರಗೆ ಗುಡುಗು–ಮಿಂಚಿನ ಅಬ್ಬರ. ಅಷ್ಟರಲ್ಲಿ ಫೋನ್ ಬಂತು. ಜುಬೈಲ್‌ನಿಂದ ನಮ್ಮ ಮೊಹಲ್ಲಾದ ಹುಡುಗ, ಹಿಂದೆ ನಮ್ಮ ಮದ್ರಸದಲ್ಲೇ ಓದಿದವನು. ಸಲಾಂ ಹೇಳುವಾಗಲೇ ಅವನ ದನಿ ಸರಿ ಇರಲಿಲ್ಲ.

"ಉಸ್ತಾದ್, ಮನೆಯ ಕ್ಯಾಮೆರಾ ಎರಡು ಗಂಟೆಯಿಂದ ಆಫ್‌ಲೈನ್ ತೋರಿಸ್ತಾ ಉಂಟು. ಉಮ್ಮ ಫೋನ್ ತೆಗೀತಿಲ್ಲ, ಬಾಪನದ್ದು ಸ್ವಿಚ್ ಆಫ್. ಒಮ್ಮೆ ಹೋಗಿ ನೋಡಿ ಬರ್ತೀರಾ?"

ಕೊಡೆ, ಟಾರ್ಚ್ ಹಿಡಿದು ಹೋದೆವು. ಐದು ನಿಮಿಷದ ದಾರಿ. ಆದರೆ ಆ ಐದು ನಿಮಿಷದಲ್ಲಿ ಮನಸ್ಸಿಗೆ ಏನೇನೆಲ್ಲ ಬಂತೋ ಅಲ್ಲಾಹನಿಗೇ ಗೊತ್ತು. ಬಾಗಿಲು ತಟ್ಟಿದಾಗ ಆ ಬಾಪ ಕಣ್ಣುಜ್ಜಿಕೊಂಡು ಬಂದು ತೆರೆದರು. ಇಬ್ಬರೂ ಚೆನ್ನಾಗಿಯೇ ಇದ್ದರು, ಅಲ್‌ಹಮ್ದುಲಿಲ್ಲಾಹ್. ಸಿಡಿಲು ಶುರುವಾದ ಕೂಡಲೇ ಉಮ್ಮ ಮನೆಯ ಎಲ್ಲ ಪ್ಲಗ್ ಕಿತ್ತು ಹಾಕಿದ್ದರು. ವೈಫೈ ಡಬ್ಬಿಯೂ ಅದರಲ್ಲಿ ಸೇರಿತ್ತು. "ಸಿಡಿಲು ಬರುವಾಗ ಪ್ಲಗ್ ತೆಗೀಬೇಕು ಅಂತ ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು ನಾನೇ ಅಲ್ವಾ ಉಸ್ತಾದ್? ಈಗ ಅವನೇ ಮರೆತನಾ?" ಅಂದರು.

ನಮ್ಮ ಫೋನಿನಿಂದಲೇ ಮಗನ ಜೊತೆ ಮಾತಾಡಿಸಿದೆವು. ಹೊರಡುವಾಗ ಕಣ್ಣಿಗೆ ಬಿದ್ದದ್ದು ಹಾಲ್‌ನ ಗೋಡೆಯ ಮೇಲಿನ ಕ್ಯಾಮೆರಾ. ಅದರ ಮೇಲೆ ಒಂದು ಬೈರಾಸು ನೇತಾಡುತ್ತಿತ್ತು. ಇದೆಂತ ಎಂದು ಕೇಳಿದೆವು. ಉಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಲ್ಲ ಹೇಳಿದರು: "ಅವನು ನೋಡುವುದರಲ್ಲಿ ಏನಿಲ್ಲ ಉಸ್ತಾದ್, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಆದರೆ ಅಲ್ಲಿ ಅವನ ರೂಮಿನಲ್ಲಿ ಇನ್ನೂ ಐದು ಜನ ಗಂಡಸರು ಇದ್ದಾರೆ. ಅವನ ಕೈಯಲ್ಲಿ ಫೋನ್ ಇರುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನನಗೆ ಹೇಗೆ ಗೊತ್ತು? ಈ ಸೆಕೆಗೆ ತಲೆಯ ವಸ್ತ್ರ ತೆಗೆದು ಫ್ಯಾನಿನ ಕೆಳಗೆ ಕೂರುವ ಹಾಗಿಲ್ಲ. ಮೊನ್ನೆ ಒಂದು ದಿನ ಗೋಡೆಯಿಂದಲೇ ‘ಉಮ್ಮಾ’ ಅಂತ ಕರೆದ. ಜೀವ ಹಾರಿ ಹೋಯ್ತು."

ಮಗನಿಗೆ ಉಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಇದ್ದುದಕ್ಕೇ ಕ್ಯಾಮೆರಾ ಹಾಕಿಸಿದ್ದು. ಆದರೆ ಹಾಕುವ ಮೊದಲು ಒಂದು ಮಾತು ಕೇಳಿರಲಿಲ್ಲ. ಈ ಲೇಖನ ಬರೆಯಲು ಕಾರಣ ಆ ಬೈರಾಸು.

ಬಾಗಿಲು ತಟ್ಟದೆ ಒಳಗೆ ಬರುವ ಕಣ್ಣು

ನಮ್ಮ ಮನೆಗಳ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಮಗ ಸೌದಿಯಲ್ಲಿ, ಒಬ್ಬ ದುಬೈಯಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಮಗ ಮೂವತ್ತು ದಿನದ ರಜೆಯಲ್ಲಿ ಬರುತ್ತಾನೆ, ಮದುವೆ–ಮುಂಜಿ, ಆಸ್ಪತ್ರೆ, ಬ್ಯಾಂಕ್ ಎಂದು ಓಡಾಡುತ್ತಾನೆ, ಹೋಗುವ ಹಿಂದಿನ ದಿನ ಆನ್‌ಲೈನ್‌ನಲ್ಲಿ ತರಿಸಿದ ಒಂದು ಕ್ಯಾಮೆರಾವನ್ನು ಹಾಲ್‌ನಲ್ಲಿ ಇಟ್ಟು ವಿಮಾನ ಹತ್ತುತ್ತಾನೆ. ಅಲ್ಲಿಂದ ದಿನಕ್ಕೆ ಹತ್ತು ಸಲ ನೋಡುತ್ತಾನೆ. ಅವನಿಗೆ ಸಮಾಧಾನ. ಆದರೆ ಮನೆಯಲ್ಲಿ ಇದ್ದವರಿಗೆ?

ಬೇರೆ ಮನೆಯೊಳಗೆ ಅನುಮತಿ ಕೇಳದೆ, ಸಲಾಂ ಹೇಳದೆ ಕಾಲಿಡಬಾರದು ಎಂದು ಸೂರಾ ಅನ್ನೂರ್‌ನ 27ನೇ ಆಯತ್ ಕಲಿಸುತ್ತದೆ. ಅದೇ ಸೂರಾದ 58ನೇ ಆಯತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸುಬ್ಹಿಗೆ ಮೊದಲು, ನಡುಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಾಂತಿ ಪಡೆಯುವಾಗ, ಇಶಾದ ನಂತರ: ಈ ಮೂರು ಹೊತ್ತಿನಲ್ಲಿ ಮನೆಯೊಳಗೇ ಓಡಾಡುವ ಚಿಕ್ಕ ಮಕ್ಕಳು ಕೂಡ ಕೇಳಿಯೇ ಒಳಗೆ ಬರಬೇಕು. ಮಕ್ಕಳು ಪ್ರಾಯಕ್ಕೆ ಬಂದ ಮೇಲಂತೂ ಕೇಳಲೇಬೇಕು ಎಂದು ಮುಂದಿನ ಆಯತ್ ಹೇಳುತ್ತದೆ. ಇದನ್ನು ನಾವು ಮದ್ರಸದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹಾಲ್‌ನ ಕ್ಯಾಮೆರಾ ಈ ಮೂರು ಹೊತ್ತಿನಲ್ಲಿಯೂ ಕೇಳದೆಯೇ ಒಳಗೆ ಇರುತ್ತದೆ.

ಇಮಾಮ್ ಮಾಲಿಕ್ ಅವರ ಮುವತ್ತಾದಲ್ಲಿ ಒಂದು ಘಟನೆ ಬರುತ್ತದೆ. ತಾಯಿಯ ಬಳಿ ಹೋಗುವಾಗಲೂ ಅನುಮತಿ ಕೇಳಬೇಕೇ ಎಂದು ಒಬ್ಬರು ಪ್ರವಾದಿಯವರಲ್ಲಿ (ಸ.ಅ.) ವಿಚಾರಿಸಿದರು. ಹೌದು ಎಂಬ ಉತ್ತರ ಬಂತು. ತಾಯಿಯ ಜೊತೆ ಒಂದೇ ಮನೆಯಲ್ಲಿದ್ದೇನೆ, ಅವರ ಸೇವೆ ಮಾಡುವವನೂ ನಾನೇ ಎಂದು ಅವರು ಹೇಳಿದರೂ ಉತ್ತರ ಬದಲಾಗಲಿಲ್ಲ. ಸೇವೆ ಮಾಡುವ ಮಗನಿಗೂ ಅನುಮತಿ ಕೇಳುವುದು ತಪ್ಪಲಿಲ್ಲ. ಹಾಗಿರುವಾಗ ಮೂರು ಸಾವಿರ ಕಿಲೋಮೀಟರ್ ದೂರದಿಂದ ಫೋನಿನಲ್ಲಿ ನೋಡುವ ಮಗನಿಗೆ ವಿನಾಯಿತಿ ಎಲ್ಲಿಂದ?

ಕ್ಯಾಮೆರಾ ಬೇಡ ಎಂದು ನಾವು ಹೇಳುತ್ತಿಲ್ಲ. ಒಂಟಿ ಮನೆ, ವಯಸ್ಸಾದವರು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ: ಕಾವಲು ಬೇಕು. ಆದರೆ ಕಾವಲು ಇರಬೇಕಾದ್ದು ಹೊರಗಿನಿಂದ ಬರುವವರ ಮೇಲೆ, ಒಳಗಿರುವ ಉಮ್ಮನ ಮೇಲಲ್ಲ. ಇದೊಂದು ಗಟ್ಟಿ ಮಾಡಿಕೊಂಡರೆ ಉಳಿದ ಯೋಜನೆ ತಾನಾಗಿ ಸರಿಯಾಗುತ್ತದೆ.

ಒಂದು ಕಾಗದ, ಒಂದು ಪೆನ್ನು

ಆ ಹುಡುಗ ಮುಂದಿನ ರಜೆಯಲ್ಲಿ ಬಂದಾಗ ಅವರ ಮನೆಗೆ ಹೋಗಿ ಕುಳಿತೆವು. ನಾವೇನೂ ಎಂಜಿನಿಯರ್ ಅಲ್ಲ. ಮಸೀದಿಗೆ, ಮದ್ರಸಕ್ಕೆ ಕ್ಯಾಮೆರಾ ಹಾಕಿಸುವಾಗ ಕೆಲಸದವರ ಜೊತೆ ನಿಂತು ನೋಡಿ ಕಲಿತದ್ದಷ್ಟೆ. ಮೊದಲು ಕಾಗದದ ಮೇಲೆ ಮನೆಯ ನಕ್ಷೆ ಬರೆಸಿದೆವು. ಗೇಟು, ಸಿಟೌಟ್, ಹಾಲ್, ಅಡುಗೆ ಮನೆ, ಹಿಂದಿನ ಬಾಗಿಲು, ಬಾವಿ, ಪಂಪ್ ಶೆಡ್. ಆಮೇಲೆ ಉಮ್ಮ–ಬಾಪನಲ್ಲಿ ಕೇಳಿದೆವು: ನಿಮಗೆ ಹೆದರಿಕೆ ಎಲ್ಲಿ?

ಮಗ ಅಂದುಕೊಂಡದ್ದು ಕಳ್ಳರ ಹೆದರಿಕೆ. ಉಮ್ಮನಿಗೆ ಇದ್ದದ್ದು ಬೇರೆ. ಗೇಟಿನ ಬಳಿ ಯಾರೋ ಕರೆದರೆ ಯಾರೆಂದು ಕಾಣುವುದಿಲ್ಲ, ತೆರೆಯಬೇಕೋ ಬೇಡವೋ ಗೊತ್ತಾಗುವುದಿಲ್ಲ. ಬಾಪ ಸುಬ್ಹಿಗೆ ಮಸೀದಿಗೆ ಹೋದಾಗ ಹಿಂದಿನ ಬಾಗಿಲ ಕಡೆ ಸದ್ದಾದರೆ ಎದೆ ಡವಡವ. ಬಾಪನ ಹೆದರಿಕೆ ಇನ್ನೂ ಬೇರೆ: ರಾತ್ರಿ ಬಾತ್‌ರೂಮಿಗೆ ಹೋಗುವಾಗ ಕಾಲು ಜಾರಿದರೆ? ಹಾಲ್‌ನ ಕ್ಯಾಮೆರಾದಿಂದ ಇದರಲ್ಲಿ ಒಂದಕ್ಕೂ ಪರಿಹಾರ ಇರಲಿಲ್ಲ.

ಕೊನೆಗೆ ನಾಲ್ಕು ಜಾಗ ಗುರುತಾಯಿತು. ಗೇಟು, ಸಿಟೌಟಿನ ಬಾಗಿಲು, ಅಡುಗೆ ಮನೆಯ ಹಿಂಬಾಗಿಲು, ಅಂಗಳ. ನಾಲ್ಕೂ ಹೊರಗೆ. ಮಲಗುವ ಕೋಣೆ, ಬಾತ್‌ರೂಮಿನ ಮಾತೇ ಇಲ್ಲ. ಹಾಲ್ ಕೂಡ ಬೇಡವೆಂದಾಯಿತು. ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ಒಳಗೆ ಒಂದು ಬೇಕೇ ಬೇಕು ಎಂದಾದರೆ, ಅದರ ಸ್ವಿಚ್ ಅಲ್ಲಿರುವವರ ಕೈಗೆ ಎಟಕುವಂತಿರಲಿ, ಮೈಕ್ ಆಫ್ ಇರಲಿ. ಮನೆಕೆಲಸಕ್ಕೆ ಬರುವ ಹೆಂಗಸಿಗೂ ಕ್ಯಾಮೆರಾ ಇದೆ ಎಂದು ಮೊದಲೇ ಹೇಳಿಬಿಡಿ. ಅವಳ ಮಾನವೂ ಮಾನವೇ.

ಪಕ್ಕದ ಮನೆಯ ಹಕ್ಕನ್ನೂ ಮರೆಯಬಾರದು. ಅಂಗಳದ ಕ್ಯಾಮೆರಾದಲ್ಲಿ ನೆರೆಮನೆಯ ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಕಿಟಕಿ ಕಾಣುತ್ತಿದ್ದರೆ ಕ್ಯಾಮೆರಾ ತಿರುಗಿಸಿ. ತಿರುಗಿಸಲು ಆಗದಿದ್ದರೆ ಸೆಟ್ಟಿಂಗ್‌ನಲ್ಲಿ ‘ಪ್ರೈವೆಸಿ ಮಾಸ್ಕ್’ ಎಂಬುದಿದೆ, ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕಬಹುದು. ಗೂಢಚಾರಿಕೆ ಮಾಡಬೇಡಿ ಎಂದು ಸೂರಾ ಹುಜುರಾತ್‌ನ 12ನೇ ಆಯತ್ ತಡೆಯುತ್ತದೆ. ನೆಲದ ಕಾನೂನೂ ಅದನ್ನೇ ಹೇಳುತ್ತದೆ. ಒಪ್ಪಿಗೆ ಇಲ್ಲದೆ ಯಾರದೇ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿಯುವುದು ಐಟಿ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ.

ಕೆಂಪುಕಲ್ಲಿನ ಗೋಡೆ ದಾಟದ ವೈಫೈ

ಮುಂದಿನ ಪ್ರಶ್ನೆ ನೆಟ್. ಹೆಚ್ಚಿನ ಮನೆಗಳಲ್ಲಿ ಫೈಬರ್ ತಂದವರು ಬಾಗಿಲ ಪಕ್ಕದಲ್ಲೋ ಟಿವಿ ಶೋಕೇಸಿನ ಮೂಲೆಯಲ್ಲೋ ಡಬ್ಬಿ ಇಟ್ಟು ಹೋಗುತ್ತಾರೆ. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆ ದಪ್ಪ. ಅದರ ಮೇಲೆ ಸ್ಲ್ಯಾಬು, ನಡುವೆ ಕಬ್ಬಿಣದ ಕಪಾಟು. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. ವೈಫೈಯಲ್ಲಿ ಎರಡು ಬಗೆ: 5 ಗಿಗಾಹರ್ಟ್ಸ್‌ನದ್ದು ವೇಗ ಹೆಚ್ಚು, ಗೋಡೆ ದಾಟುವುದು ಕಡಿಮೆ, 2.4ರದ್ದು ವೇಗ ಕಡಿಮೆ, ಹೋಗುವ ದೂರ ಹೆಚ್ಚು. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4ರಲ್ಲೇ ನಡೆಯುವಂಥವು. ಮಹಡಿಯಿಂದ ಪಂಪ್ ಶೆಡ್‌ವರೆಗೆ ಒಂದೇ ಡಬ್ಬಿ ಸಾಕಾಗುತ್ತದೆ ಎಂದು ನಂಬಿದರೆ ನಿಮ್ಮ ಆ್ಯಪ್ ಆಗಾಗ ‘ಆಫ್‌ಲೈನ್’ ಎನ್ನುತ್ತದೆ, ನೀವು ಅಲ್ಲಿ ಕೂತು ಹೆದರುತ್ತೀರಿ.

ಇದಕ್ಕೆ ಒಳ್ಳೆಯ ಉಪಾಯ ವೈರು. ರೂಟರನ್ನು ಮನೆಯ ನಡುಭಾಗಕ್ಕೆ, ಎತ್ತರದ ಜಾಗಕ್ಕೆ ತನ್ನಿ. ಅಲ್ಲಿಂದ ಒಂದು ಕೇಬಲ್ ಎಳೆದು ಮಹಡಿಯಲ್ಲಿ ಅಥವಾ ಅಡುಗೆ ಮನೆಯ ಕಡೆ ಇನ್ನೊಂದು ವೈಫೈ ಡಬ್ಬಿ ಕೂರಿಸಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಉಮ್ಮನಿಗೆ ಫೋನಿನಲ್ಲಿ ಏನೂ ಬದಲಾಯಿಸುವ ಗೋಜಿಲ್ಲ.

ಹೊರಗಿನ ಕ್ಯಾಮೆರಾಕ್ಕಂತೂ ವೈಫೈ ನಂಬದೆ ವೈರೇ ಎಳೆಯಿರಿ. ‘ಪಿಒಇ’ ಎಂಬ ಬಗೆಯಲ್ಲಿ ಒಂದೇ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಹೋಗುತ್ತದೆ. ಕ್ಯಾಮೆರಾದ ಬಳಿ ಬೇರೆ ಪ್ಲಗ್ ಬೇಡ. 100 ಮೀಟರ್‌ವರೆಗೆ ಎಳೆಯಬಹುದು. ನಮ್ಮ ಹೆಚ್ಚಿನ ಮನೆಗಳ ಗೇಟಿಗೆ ಇದು ಧಾರಾಳ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ಕೊಳ್ಳಿ. ಅಲ್ಯೂಮಿನಿಯಂಗೆ ತಾಮ್ರ ಸವರಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಉದ್ದ ಎಳೆದರೆ ಕ್ಯಾಮೆರಾಕ್ಕೆ ಸರಿಯಾಗಿ ಕರೆಂಟು ಮುಟ್ಟುವುದಿಲ್ಲ. ಕೇಬಲ್ ಪೈಪಿನೊಳಗೆ ಹೋಗಲಿ, ಇಲಿಗೆ ಸಿಗದಿರಲಿ. ಉಳ್ಳಾಲ, ಸುರತ್ಕಲ್, ಕಾಪು ಕಡೆಯ ಕಡಲತೀರದ ಮನೆಗಳಲ್ಲಿ ಉಪ್ಪುಗಾಳಿಗೆ ಜಾಯಿಂಟು ಬೇಗ ತುಕ್ಕು ಹಿಡಿಯುತ್ತದೆ. ಜಾಯಿಂಟು ಬರುವ ಕಡೆ ಮುಚ್ಚಿದ ಪೆಟ್ಟಿಗೆ ಇರಲಿ. ಕೆಲಸವನ್ನು ಮಳೆ ಬಿಟ್ಟ ಮೇಲೆ, ನವೆಂಬರ್‌ನಿಂದ ಮಾರ್ಚ್‌ನೊಳಗೆ ಮುಗಿಸಿ. ಜೂನ್‌ನಲ್ಲಿ ಏಣಿ ಇಟ್ಟು ಗೋಡೆ ಕೊರೆಯುವ ಸಾಹಸ ಬೇಡ.

ಕ್ಯಾಮೆರಾ ಕೂರಿಸಿ ಆಯಿತೆಂದು ಬಿಡಬಾರದು. ರಾತ್ರಿ ಕಾಣುವುದಕ್ಕೆ ಅದು ಬಿಡುವ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಬಲೆ ಕಟ್ಟುತ್ತದೆ. ಆಮೇಲೆ ರಾತ್ರಿಯಿಡೀ ‘ಯಾರೋ ಓಡಾಡುತ್ತಿದ್ದಾರೆ’ ಎಂದು ಮಗನ ಫೋನಿಗೆ ಸಂದೇಶ. ವಾರಕ್ಕೊಮ್ಮೆ ಪೊರಕೆಯಿಂದ ಬಲೆ ತೆಗೆದರೆ ಅರ್ಧ ಗಾಬರಿ ತಪ್ಪುತ್ತದೆ.

ಸಿಡಿಲು, ಕರೆಂಟು ಮತ್ತು ಮಗನ ಗಾಬರಿ

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಏಪ್ರಿಲ್–ಮೇಯಲ್ಲಿ, ಆಮೇಲೆ ಅಕ್ಟೋಬರ್‌ನಲ್ಲಿ ಸಿಡಿಲಿನ ಹಾವಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ಆದರೆ ಡಬ್ಬಿಯ ಪ್ಲಗ್ ಇರುವುದು ಮೆಸ್ಕಾಂ ಲೈನಿಗೆ, ಅಂಗಳದಿಂದ ಬರುವ ಕ್ಯಾಮೆರಾ ಕೇಬಲ್ ತಾಮ್ರದ್ದು. ಸಿಡಿಲು ಬರುವ ದಾರಿ ಇವೆರಡು. ಅರ್ತಿಂಗ್ ಸರಿಯಿದೆಯೇ ಎಂದು ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಸರ್ಜ್ ತಡೆಯುವ ಸಾಧನ ಹಾಕಿಸಬಹುದು, ಆದರೆ ಹತ್ತಿರವೇ ಸಿಡಿಲು ಬಡಿದರೆ ಅದೂ ಸೋಲುತ್ತದೆ. ಉಮ್ಮನ ಹಳೆಯ ಬುದ್ಧಿಯೇ ಗಟ್ಟಿ: ಪ್ಲಗ್ ತೆಗೆಯುವುದು. ಗುಡುಗು ಶುರುವಾಗುವ ಮೊದಲೇ ತೆಗೆದರೆ ಇನ್ನೂ ಒಳ್ಳೆಯದು.

ಹಾಗಾಗಿ ರೂಟರ್, ಕ್ಯಾಮೆರಾದ ಸ್ವಿಚ್, ರೆಕಾರ್ಡರ್ ಮೂರನ್ನೂ ಒಂದೇ ಕಡೆ, ಒಂದೇ ಪ್ಲಗ್‌ಗೆ ಬರುವಂತೆ ಮಾಡಿಸಿ. ಉಮ್ಮ ಒಂದೇ ಕೈಯಲ್ಲಿ ಕಳಚುವಂತಿರಬೇಕು. ಕೇಬಲ್‌ನ ತುದಿಯನ್ನೂ ತೆಗೆಯಲು ತೋರಿಸಿಕೊಡಿ, ಅದಕ್ಕೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಬರೀ ಕರೆಂಟು ಹೋಗುವ ತೊಂದರೆಗಾದರೆ ಇನ್ವರ್ಟರ್ ಸಾಕು. ಇಲ್ಲದಿದ್ದರೆ ರೂಟರಿಗೇ ಆಗುವ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ನಿಮ್ಮ ಡಬ್ಬಿಯ ವೋಲ್ಟ್ ಎಷ್ಟೆಂದು ನೋಡಿ ಕೊಳ್ಳಿ.

ಗಲ್ಫಿನಲ್ಲಿರುವ ಮಕ್ಕಳಿಗೆ ಒಂದು ಮಾತು. ಆಫ್‌ಲೈನ್ ಅಂದರೆ ಅಪಾಯ ಅಂತ ಅರ್ಥ ಅಲ್ಲ. ಹೆಚ್ಚಿನ ಸಲ ಕರೆಂಟು ಹೋಗಿರುತ್ತದೆ, ಇಲ್ಲವೇ ಉಮ್ಮ ಪ್ಲಗ್ ತೆಗೆದಿರುತ್ತಾರೆ. ಹೀಗಾದಾಗ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ರಜೆಯಲ್ಲಿ ಇರುವಾಗಲೇ ಗೊತ್ತು ಮಾಡಿಕೊಳ್ಳಿ. ಪಕ್ಕದ ಮನೆ, ಹತ್ತಿರದ ಸಂಬಂಧಿಕರು, ಬೇಕಾದರೆ ಉಸ್ತಾದ್. ಒಂದು ಬೀಗದ ಕೈ ನಂಬಿಕೆಯ ಮನೆಯಲ್ಲಿರಲಿ.

ಎಷ್ಟು ದಿನದ ರೆಕಾರ್ಡು?

ಅಂಗಡಿಯವರು ಹೇಳಿದ್ದೆಲ್ಲ ಕೊಳ್ಳಬೇಕಾಗಿಲ್ಲ. ಗೇಟು–ಬಾಗಿಲಿಗೆ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮುಖ ಗುರುತು ಸಿಗುತ್ತದೆ, ಆದರೆ ಕ್ಯಾಮೆರಾ ತೀರಾ ಎತ್ತರದಲ್ಲಿ ಇರಬಾರದು. ಸೂರಿನ ತುದಿಗೆ ಇಟ್ಟರೆ ಟೊಪ್ಪಿ ಮಾತ್ರ ಕಾಣುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕಕ್ಕೆ ಸುಮಾರು 86 ಜಿಬಿ. ಅಂದರೆ 1 ಟಿಬಿ ಡಿಸ್ಕ್‌ನಲ್ಲಿ ಹನ್ನೊಂದು ದಿನ, 2 ಟಿಬಿಯಲ್ಲಿ ಇಪ್ಪತ್ತಮೂರು ದಿನದ ದಾಖಲೆ ನಿಲ್ಲುತ್ತದೆ. ಜಾಗ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ಮನೆಗೆ ಅಷ್ಟು ಸಾಕು.

ಮನೆಯೊಳಗಿನ ರೆಕಾರ್ಡರ್‌ನಲ್ಲಿ ದಾಖಲಾಗುವುದಕ್ಕೆ ಇಂಟರ್ನೆಟ್ ಬೇಡ, ನೆಟ್ ಹೋದರೂ ರೆಕಾರ್ಡ್ ನಡೆಯುತ್ತಲೇ ಇರುತ್ತದೆ. ಜುಬೈಲ್‌ನಲ್ಲಿ ಕೂತು ನೋಡುವಾಗ ಮಾತ್ರ ನೆಟ್ ಬೇಕು. ಆಗ ಮುಖ್ಯ ಆಗುವುದು ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಕನೆಕ್ಷನ್ ಕೊಡುವವರಲ್ಲಿ ಅದನ್ನು ಬೇರೆಯಾಗಿ ಕೇಳಿ. ರೆಕಾರ್ಡರನ್ನು ಟಿವಿಯ ಕೆಳಗೆ ಎಲ್ಲರಿಗೂ ಕಾಣುವಂತೆ ಇಡಬೇಡಿ. ಬಂದ ಕಳ್ಳ ಅದನ್ನೇ ಮೊದಲು ಹೊತ್ತುಕೊಂಡು ಹೋದಾನು. ಗಾಳಿಯಾಡುವ, ಬೀಗ ಇರುವ ಜಾಗದಲ್ಲಿರಲಿ.

ಪಾಸ್‌ವರ್ಡ್ ಯಾರ ಕೈಯಲ್ಲಿ?

2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳ ಒಳಗೆ ಹೊಕ್ಕಿತು. ಅದು ದೊಡ್ಡ ವಿದ್ಯೆಯನ್ನೇನೂ ಬಳಸಲಿಲ್ಲ. ಕಂಪೆನಿಯವರು ಇಟ್ಟ ಮೊದಲ ಪಾಸ್‌ವರ್ಡನ್ನು ಜನ ಬದಲಾಯಿಸಿರಲಿಲ್ಲ, ಅಷ್ಟೆ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಬೀಗದಲ್ಲೇ ಬಿಟ್ಟ ಹಾಗೆ.

ಆದ್ದರಿಂದ ಕೆಲಸ ಮುಗಿದ ದಿನವೇ ಅಳವಡಿಸಿದವರ ಎದುರಲ್ಲೇ ಪಾಸ್‌ವರ್ಡ್ ಬದಲಾಯಿಸಿ. ರೂಟರಿಗೆ ಒಂದು, ವೈಫೈಗೆ ಒಂದು, ಕ್ಯಾಮೆರಾಕ್ಕೆ ಒಂದು. ಅಕೌಂಟ್ ಮಗನ ಅಥವಾ ಬಾಪನ ಹೆಸರಲ್ಲಿರಲಿ, ಅಂಗಡಿಯವನ ಫೋನಿನಲ್ಲಿ ಬೇಡ. ಅಣ್ಣ ತಮ್ಮ, ಅಳಿಯ, ಮೊಮ್ಮಗ ಎಂದು ಎಲ್ಲರಿಗೂ ಕೊಡುತ್ತಾ ಹೋದರೆ ಕೊನೆಗೆ ಯಾರು ನೋಡುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಯಾರಿಗೆ ಕೊಡಬೇಕೆಂದು ಉಮ್ಮ–ಬಾಪ ಹೇಳಲಿ. ಹಳೆಯ ಫೋನ್ ಮಾರುವಾಗ ಆ್ಯಪ್‌ನಿಂದ ಹೊರಬಂದು, ಫೋನನ್ನು ಪೂರ್ತಿ ಅಳಿಸಿ ಮಾರಿ. ನೆಂಟರ ಮಕ್ಕಳಿಗೆ ವೈಫೈ ಬೇಕಾದರೆ ‘ಗೆಸ್ಟ್’ ಹೆಸರಿನ ಬೇರೆ ವೈಫೈ ಮಾಡಿಕೊಡಿ. ಎಲ್ಲ ಪಾಸ್‌ವರ್ಡುಗಳನ್ನು ಒಂದು ಪುಸ್ತಕದಲ್ಲಿ ಬರೆದು ಉಮ್ಮನ ಕಪಾಟಿನಲ್ಲಿಡಿ. ಆಧಾರ್, ಪಾಸ್‌ಪೋರ್ಟ್ ಇಡುವ ಜಾಗದಲ್ಲಿ ಅದೂ ಇರಲಿ.

ಹೊಸ ಕ್ಯಾಮೆರಾ ಕೊಳ್ಳುವಾಗ ‘ಎಸ್‌ಟಿಕ್ಯೂಸಿ’ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಇಂಟರ್ನೆಟ್ ಕ್ಯಾಮೆರಾಗಳ ಸುರಕ್ಷತೆಗೆ ಕೇಂದ್ರ ಸರಕಾರ 2024ರಲ್ಲಿ ನಿಯಮ ತಂದಿದೆ. "ನಿಮ್ಮ ಕ್ಯಾಮೆರಾ ಕಂಪೆನಿಯಿಂದ ಮಾತಾಡ್ತಿದ್ದೇವೆ, ಒಟಿಪಿ ಹೇಳಿ, ಈ ಆ್ಯಪ್ ಹಾಕಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಬೇಕೆಂದು ಉಮ್ಮ–ಬಾಪನಿಗೆ ಮೊದಲೇ ಹೇಳಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕ್ಯಾಮೆರಾ ಎತ್ತಿ ನಿಲ್ಲಿಸುವುದಿಲ್ಲ

ಬಾಪನ ಹೆದರಿಕೆ ಇನ್ನೂ ಹಾಗೇ ಉಳಿದಿತ್ತಲ್ಲ? ಕಾಲು ಜಾರಿ ಬೀಳುವುದನ್ನು ಕ್ಯಾಮೆರಾ ತಡೆಯುವುದಿಲ್ಲ, ಬಿದ್ದವರನ್ನು ಎತ್ತುವುದೂ ಇಲ್ಲ. ಮಗ ಆ ಖರ್ಚಿನಲ್ಲೇ ಬಾತ್‌ರೂಮಿನ ಗೋಡೆಗೆ ಎರಡು ಸ್ಟೀಲ್ ಹಿಡಿಕೆ ಹಾಕಿಸಿದ. ವುಝೂ ಮಾಡುವಲ್ಲಿ ಜಾರದ ಮ್ಯಾಟ್, ಕೂರಲು ಸ್ಟೂಲು. ಕೋಣೆಯಿಂದ ಬಾತ್‌ರೂಮಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ಲೈಟು. ಹಾಸಿಗೆಯ ಬಳಿ ಒಂದು, ಬಾತ್‌ರೂಮಿನಲ್ಲಿ ಕೆಳಗೆ ಕೈಗೆಟಕುವಂತೆ ಒಂದು ವೈರ್ ಇಲ್ಲದ ಬೆಲ್. ಅದರ ಸದ್ದು ಕೇಳುವುದು ಪಕ್ಕದ ಮನೆಯಲ್ಲಿರುವ ಅವನ ಚಿಕ್ಕಪ್ಪನಿಗೆ. ಫೋನಿನ ಹಿಂದೆ ದೊಡ್ಡ ಅಕ್ಷರದಲ್ಲಿ ತುರ್ತು ನಂಬರ್ 112 ಮತ್ತು ಹಿರಿಯರ ಸಹಾಯವಾಣಿ 14567 ಬರೆದು ಅಂಟಿಸಿದೆವು. ಇವು ಯಾವುವೂ ದೊಡ್ಡ ಖರ್ಚಲ್ಲ, ಆದರೆ ಬಾಪನಿಗೆ ಬೇಕಿದ್ದದ್ದು ಇವೇ.

ಕೊನೆಗೆ ಒಂದು ಸಣ್ಣ ಬದಲಾವಣೆ ಮಾಡಿದೆವು. ಮಗನ ಹಳೆಯ ಟ್ಯಾಬನ್ನು ಅಡುಗೆ ಮನೆಯ ಗೋಡೆಗೆ ತೂಗುಹಾಕಿ ನಾಲ್ಕೂ ಕ್ಯಾಮೆರಾ ಅದರಲ್ಲಿ ಕಾಣುವಂತೆ ಮಾಡಿಸಿದೆವು. ಈಗ ಗೇಟಿನಲ್ಲಿ ಯಾರಾದರೂ ಕರೆದರೆ ಉಮ್ಮ ಮೊದಲು ಅದನ್ನು ನೋಡುತ್ತಾರೆ. ಮೀನಿನವನಾದರೆ ಪಾತ್ರೆ ಹಿಡಿದು ಹೋಗುತ್ತಾರೆ. ಗುರುತಿಲ್ಲದವರಾದರೆ ಬಾಗಿಲು ತೆರೆಯುವುದಿಲ್ಲ. ಮೊದಲು ಮಗ ಒಳಗೆ ನೋಡುತ್ತಿದ್ದ, ಈಗ ಉಮ್ಮ ಹೊರಗೆ ನೋಡುತ್ತಾರೆ.

ಮಗನಿಗೆ ನಾವು ಒಂದೇ ಶರ್ತ ಹಾಕಿದ್ದೆವು: ಕ್ಯಾಮೆರಾದಲ್ಲಿ ನೋಡಿದ್ದನ್ನು ‘ಮಾತಾಡಿದೆ’ ಎಂದು ಲೆಕ್ಕ ಹಿಡಿಯಬೇಡ. ಹತ್ತು ಸಲ ನೋಡುವ ಬದಲು ಒಂದು ಸಲ ಫೋನ್ ಮಾಡು. ಈಗ ಇಲ್ಲಿ ಇಶಾ ಕಳೆದ ಮೇಲೆ ದಿನಾ ಅವನ ಫೋನ್ ಬರುತ್ತದೆಯಂತೆ. ಮೊನ್ನೆ ಮದ್ರಸದಿಂದ ಬರುವಾಗ ಆ ಮನೆಯ ಎದುರು ಹಾದು ಬಂದೆವು. ಬೈರಾಸು ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಸಿಟೌಟಿನಲ್ಲಿ ಕೂತಿದ್ದ ಬಾಪ ಸಲಾಂ ಮಡಕಿಸಿ, "ಒಳಗೆ ಬನ್ನಿ ಉಸ್ತಾದ್, ನೀವು ಬರುವುದು ಅವಳಿಗೆ ಆಗಲೇ ಕಂಡಿದೆ, ಚಾಯ ಇಟ್ಟಿದ್ದಾಳೆ" ಎಂದರು.

ದೂರದಲ್ಲಿರುವ ಮಕ್ಕಳ ಕಾಳಜಿಯನ್ನು ಅಲ್ಲಾಹನು ಸ್ವೀಕರಿಸಲಿ. ನಮ್ಮ ಉಮ್ಮ–ಬಾಪಂದಿರನ್ನು ಅವರವರ ಮನೆಯಲ್ಲಿ ಮಾನದಿಂದ, ನೆಮ್ಮದಿಯಿಂದ ಇರಿಸಲಿ. ಆಮೀನ್.